ಕೇಳುವ ಕೆಲಸ

ನಮ್ಮೂರಿನಲ್ಲಿ ಅರವತ್ತರ ಆಸುಪಾಸಿಗೆ ಜನರ ದನಿ ಹೋಗುತ್ತದೆ. ಕೆಲವರಿಗೆ ಐವತ್ತೆಂಟಕ್ಕೇ ಹೋಗುತ್ತದೆ, ಕೆಲವರು ಅರವತ್ತನಾಲ್ಕರವರೆಗೂ ಎಳೆಯುತ್ತಾರೆ. ನೆಗಡಿಯಾಗಿ ಗಂಟಲು ಕಟ್ಟಿದ ಹಾಗಲ್ಲ ಇದು. ಕೆಮ್ಮು ಇರುತ್ತದೆ, ಆಕಳಿಕೆ ಇರುತ್ತದೆ, ಸೀನು ಮೊದಲಿನಷ್ಟೇ ಜೋರಾಗಿರುತ್ತದೆ. ಮಾತು ಮಾತ್ರ ಇರುವುದಿಲ್ಲ. ಹೋದ ದಿನವೇ ಆ ದನಿ ಬೇರೆ ಕಡೆಯಿಂದಲೂ ಹೋಗುತ್ತದೆ. ಟೇಪಿನಲ್ಲಿದ್ದರೂ ಫೋನಿನಲ್ಲಿದ್ದರೂ ಅಳಿಸಿಹೋಗುತ್ತದೆ. ನನ್ನ ತಂಗಿಯ ಮದುವೆಯ ವೀಡಿಯೋ ಈಗ ಹಾಕಿದರೆ ವಾಲಗದ ಸದ್ದು ಇದೆ, ಮಕ್ಕಳ ಗಲಾಟೆ ಇದೆ, ನಡುವೆ ಹಿರಿಯರೆಲ್ಲ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಾರೆ. ಹುಟ್ಟಿದಾಗಿನಿಂದ ಗೊತ್ತಿರುವ ವಿಷಯವಾದ್ದರಿಂದ ನಾವ್ಯಾರೂ ಇದನ್ನು ದೊಡ್ಡದು ಮಾಡುವುದಿಲ್ಲ. ಹೊರಗಿನಿಂದ ಬಂದ ಸೊಸೆಯರು ಮೊದಲ ವರ್ಷ ಅಳುತ್ತಾರೆ, ಆಮೇಲೆ ಅವರೂ ಸುಮ್ಮನಾಗುತ್ತಾರೆ.

ಅದಕ್ಕಾಗಿಯೇ ಪೆಟ್ಟಿಗೆಗಳು. ಅಂಗೈಯಷ್ಟು ಅಗಲ, ಹಲಸಿನ ಮರದ್ದು, ಮುಂದುಗಡೆ ತೆಳುಬಟ್ಟೆ ಬಿಗಿದಿರುತ್ತದೆ. ಕೊರಳಿಗೆ ದಾರ ಹಾಕಿ ಎದೆಯ ಮೇಲೆ ಇಳಿಬಿಟ್ಟುಕೊಳ್ಳುತ್ತಾರೆ. ದನಿ ಹೋದವರು ತುಟಿ ಅಲ್ಲಾಡಿಸಿದರೆ ಪೆಟ್ಟಿಗೆ ಮಾತಾಡುತ್ತದೆ. ಇದನ್ನು ಮಾಡುವ ಮನೆತನಗಳು ಎರಡು ಇದ್ದವು. ಮೇಲಿನ ಪೇಟೆಯಲ್ಲಿ ಗುರುಪಾದಪ್ಪನವರದು, ಕೆಳಗಿನ ಪೇಟೆಯಲ್ಲಿ ಮಸ್ಕರೇನಸ್ ಅವರದು. ಗುರುಪಾದಪ್ಪನವರ ಪೆಟ್ಟಿಗೆಯಲ್ಲಿ ದನಿ ಬೆಚ್ಚಗಿರುತ್ತದೆ ಅಂತ ನಾವು, ಮಸ್ಕರೇನಸ್ ಪೆಟ್ಟಿಗೆಯಲ್ಲಿ ಒಂದೊಂದು ಅಕ್ಷರವೂ ಬಿಡಿಸಿ ಕೇಳುತ್ತದೆ ಅಂತ ಅವರು. ಹೆಣ್ಣು ನೋಡಲು ಹೋದವರು ಮೊದಲು ಅಜ್ಜಿಯ ಎದೆಯ ಮೇಲೆ ಯಾವ ಪೆಟ್ಟಿಗೆ ಇದೆ ಅಂತ ನೋಡುತ್ತಿದ್ದರು. ಎರಡೂ ದುಬಾರಿ. ಕೊಳ್ಳಲಾಗದವರು ಸುಮ್ಮನಿರುತ್ತಿದ್ದರು. ಹೂ ಮಾರುವ ರಂಗವ್ವ ಹನ್ನೊಂದು ವರ್ಷ ಬೆರಳು ಎತ್ತಿ ತೋರಿಸಿಯೇ ವ್ಯಾಪಾರ ಮಾಡಿದಳು. ಆಗ ಅದು ನನಗೆ ತಪ್ಪು ಅನ್ನಿಸಲೇ ಇಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನನ್ನ ಹೆಸರು ದಾಕ್ಷಾಯಣಿ. ಗುರುಪಾದಪ್ಪನವರ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕೇಳುವ ಕೆಲಸ ಮಾಡಿದವಳು. ಓದಿದ್ದು ಏಳನೇ ಕ್ಲಾಸು, ಸೇರಿದ್ದು ಕಸ ಗುಡಿಸುವುದಕ್ಕೆ. ಒಂದು ದಿನ ಗುಡಿಸುತ್ತಿರುವಾಗ ಮೇಜಿನ ಮೇಲೆ ಯಾವುದೋ ಪೆಟ್ಟಿಗೆ ಪರೀಕ್ಷೆ ಮಾಡುತ್ತಿದ್ದರು. "ಅಯ್ಯೋ, ಪೋಸ್ಟ್ ಮಾಸ್ಟರಿಗೆ ಸಿಟ್ಟು ಬಂದರೆ ಮೂಗಲ್ಲಿ ಮಾತಾಡ್ತಾರೆ, ಇದರಲ್ಲಿ ಮೂಗೇ ಇಲ್ಲವಲ್ಲ" ಅಂದುಬಿಟ್ಟೆ. ಗುರುಪಾದಪ್ಪನವರು ನನ್ನ ಕೈಯಿಂದ ಪೊರಕೆ ಕಿತ್ತು ಮೂಲೆಗೆ ಎಸೆದು, "ಕೂತ್ಕೋಳವ್ವ ಇಲ್ಲಿ" ಅಂದು ಕುರ್ಚಿ ಎಳೆದರು. ಅವತ್ತು ಕೂತವಳು ಕೂತೇ ಇದ್ದೆ.

ಕೇಳುವುದು ಅಂದರೆ ಒಂಬತ್ತು ದಿನದ ಕೆಲಸ. ಐವತ್ತೈದು ತುಂಬಿದವರು ಬಂದು ನಮ್ಮ ಎದುರು ಕೂತು ಮಾತಾಡಬೇಕು. ಮೊದಲ ದಿನ ಎಲ್ಲರೂ ನೆಂಟರ ಮನೆಗೆ ಹೋದ ಹಾಗೆ ಮಾತಾಡುತ್ತಾರೆ. ಇಲ್ಲದ ನಯ, ಇಲ್ಲದ ವಿನಯ. ಅದು ಕೆಲಸಕ್ಕೆ ಬಾರದ ದನಿ. ಮೂರನೇ ದಿನಕ್ಕೆ ಮಾತಾಡಲು ಏನೂ ಉಳಿದಿರುವುದಿಲ್ಲ, ಐದನೇ ದಿನ ನನ್ನ ಮೇಲೇ ರೇಗುತ್ತಾರೆ, ಏಳಕ್ಕೆ ಎದ್ದು ಹೋಗುತ್ತೇನೆ ಅನ್ನುತ್ತಾರೆ. ಎಂಟು, ಒಂಬತ್ತನೇ ದಿನ ಮನುಷ್ಯ ಮನೆಯಲ್ಲಿ ಚಡ್ಡಿ ಬನಿಯನ್ನಿನಲ್ಲಿ ಕೂತಾಗ ಇರುವ ದನಿ ಹೊರಗೆ ಬರುತ್ತದೆ. ಕೋರ್ಟಿನಲ್ಲಿ ಗುಡುಗುವ ಒಬ್ಬ ವಕೀಲರು ತಮ್ಮ ಎಮ್ಮೆಯ ಬಗ್ಗೆ ಹೇಳುವಾಗ ಎಳೆ ಮಗುವಿನ ಹಾಗೆ ಮಾತಾಡುತ್ತಿದ್ದರು. ಅದು ತಿಳಿದದ್ದು ಒಂಬತ್ತನೇ ದಿನ ಮಧ್ಯಾಹ್ನ. ನಾನು ಕೇಳಿದ್ದನ್ನು ಕಾಳಾಚಾರ್ ಅವರಿಗೆ ಹೇಳುತ್ತಿದ್ದೆ. ಅವರು ನಮ್ಮ ಮರದ ಕೆಲಸದವರು. "ಆಚಾರ್ರೆ, ಮಾತಿನ ಕೊನೆಗೆ ಸ್ವಲ್ಪ ಮುಳ್ಳು ಬೇಕು" ಅಂದರೆ ಸಾಕು, ಪೆಟ್ಟಿಗೆಯ ಒಳಗೆ ಎಲ್ಲೋ ಒಂದು ಕಡೆ ಉಗುರಿನಷ್ಟು ಕೆತ್ತಿ, ಊದಿ, ಕೈಗೆ ಕೊಡುತ್ತಿದ್ದರು. ಮುಳ್ಳು ಅಲ್ಲಿರುತ್ತಿತ್ತು.

ಮಸ್ಕರೇನಸ್ ಅವರಲ್ಲಿ ಇದೇ ಕೆಲಸ ಮಾಡುತ್ತಿದ್ದವರು ಫಿಲೋಮಿನಾ ಬಾಯಿ. ನನಗಿಂತ ಐದು ವರ್ಷ ದೊಡ್ಡವರು, ನೀಟಾಗಿ ಇಸ್ತ್ರಿ ಮಾಡಿದ ಸೀರೆ, ಮಾತು ಕತ್ತರಿ. ನಾವಿಬ್ಬರೂ ಎದುರಾದರೆ ತಲೆ ಅಲ್ಲಾಡಿಸುವುದಷ್ಟೇ. ನಮ್ಮ ಮನೆಯ ಯಜಮಾನರಿಗೆ ಐವತ್ತೈದು ತುಂಬಿದ ವರ್ಷ ಒಂದು ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಫಿಲೋಮಿನಾ ಬಾಯಿ ನನ್ನ ಪಕ್ಕಕ್ಕೆ ಬಂದು ಕೂತರು.

"ದಾಕ್ಷಾಯಣಿ, ನಿನ್ನ ಗಂಡನ ಪೆಟ್ಟಿಗೆ ಆಯ್ತಾ?"

"ಇನ್ನೂ ಇಲ್ಲ ಬಾಯಿ. ಮಾಡಿದ್ರಾಯ್ತು."

"ನನ್ನ ಹತ್ತಿರ ಕಳಿಸು. ಮನೆಯವರ ದನಿ ನಮ್ಮ ಕಿವಿಗೆ ಬೀಳೋದಿಲ್ಲ. ನನ್ನ ಗಂಡನ ದನಿ ನಾನು ಕೇಳಲಿಲ್ಲ, ಬೇರೆಯವರಿಂದ ಕೇಳಿಸಿದೆ."

"ನಮ್ಮನೆಯವರು ಮಸ್ಕರೇನಸ್ ಪೆಟ್ಟಿಗೆ ಹಾಕ್ಕೊಂಡು ಮೇಲಿನ ಪೇಟೆಯಲ್ಲಿ ಓಡಾಡಿದ್ರೆ ನಾನು ಅವತ್ತೇ ತವರಿಗೆ ಹೊರಟೆ ಅಂತ ತಿಳ್ಕೊಳ್ಳಿ!"

ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಫಿಲೋಮಿನಾ ಬಾಯಿ ನಗಲಿಲ್ಲ, ಪಾಯಸ ಬಡಿಸಿಕೊಂಡರು. ಇಂಥ ಮಾತಿಗೆಲ್ಲ ನಗು ಬರುತ್ತಿದ್ದ ಕಾಲ ಅದು.

ನಮ್ಮ ಯಜಮಾನರು ಟೈಲರು, ಊರಿಗೆಲ್ಲ ಶಂಭಣ್ಣ. ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ನು. ಹಲ್ಲಿನ ಮಧ್ಯೆ ದಾರ ಕಚ್ಚಿಕೊಂಡೇ ಮಾತಾಡುವವರು. ಮಕ್ಕಳಿಲ್ಲದ ಮನೆ, ಹಾಗಾಗಿ ಮಿಷನ್ನಿನ ಸದ್ದು ನಿಂತಿತು ಅಂದರೆ ಅವರು ನನಗೇ ಏನೋ ಹೇಳುತ್ತಿದ್ದಾರೆ ಅಂತ ಅರ್ಥ. "ಊರಿನವರದ್ದೆಲ್ಲ ಒಂಬತ್ತು ದಿನ ಕೇಳ್ತೀಯ. ನಾನು ಎರಡು ಸಲ ಕರೆದ ಮೇಲೆ ಹೂಂ ಅಂತೀಯ" ಅಂತ ತಮಾಷೆ ಮಾಡುತ್ತಿದ್ದರು. ಒಂದು ಸಲ ಕರೆದುಕೊಂಡು ಹೋಗಿ ಕೇಳುವ ಕೋಣೆಯಲ್ಲಿ ಕೂರಿಸಿದೆ ಕೂಡ. "ಏನು ಮಾತಾಡಲಿ?" ಅಂದರು. "ಏನಾದ್ರೂ" ಅಂದೆ. "ಮನೆಯಲ್ಲಿ ಉಪ್ಪು ಮುಗಿದಿದೆ" ಅಂದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹತ್ತು ನಿಮಿಷಕ್ಕೆ ಎದ್ದು ಬಂದೆವು. ಹೊರಗಿನವರ ಕೆಲಸ ಸಾಲಾಗಿ ಕಾದಿರುವಾಗ ಗಂಡನ ಎದುರು ಒಂಬತ್ತು ದಿನ ಕೂರುವುದು ನಾಚಿಕೆಯ ವಿಷಯವಾಗಿತ್ತು. ಅಲ್ಲದೆ ಅವರ ದನಿ ನನಗೆ ಬಾಯಿಪಾಠ ಅಂದುಕೊಂಡಿದ್ದೆ.

ಆಮೇಲೆ 'ಮನೆಮನೆ' ಅನ್ನುವ ಕಂಪನಿ ಬಂತು. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಮಾಡುವವರು. ಅವರ ಒಂದು ಸಾಮಾನಾದರೂ ಇಲ್ಲದ ಅಡುಗೆಮನೆ ನಮ್ಮೂರಲ್ಲಿ ಇಲ್ಲ. ಮೊದಲು ಅವರು ಮಸ್ಕರೇನಸ್ ಅವರದನ್ನು ಕೊಂಡರು. ಮೇಲಿನ ಪೇಟೆಯಲ್ಲಿ ನಾವು ಕುಣಿದಾಡುವುದೊಂದು ಬಾಕಿ. "ಇನ್ನು ಮೇಲೆ ಕೆಳಗಿನ ಪೇಟೆಯವರು ಬಾಯಿ ತೆರೆದರೆ ಚಟ್ನಿ ರುಬ್ಬಿದ ಸದ್ದು" ಅಂತ ಕಾಳಾಚಾರ್ ಹೇಳಿದ್ದು ವಾರಗಟ್ಟಲೆ ಓಡಾಡಿತು. ನಾಲ್ಕು ತಿಂಗಳಿಗೆ ಗುರುಪಾದಪ್ಪನವರ ಮಕ್ಕಳು ನಮ್ಮನ್ನೂ ಮಾರಿದರು. ಹಿರಿಯರು ಅಷ್ಟರಲ್ಲಿ ತೀರಿಕೊಂಡಿದ್ದರು. ಮಿಥುನ್ ಅಂತ ಒಬ್ಬ ಮ್ಯಾನೇಜರು ಬಂದ. ತುಂಬ ಒಳ್ಳೆಯ ಹುಡುಗ, ಸುಳ್ಳು ಹೇಳಬಾರದು. ಬಂದ ದಿನವೇ ಎಲ್ಲರಿಗೂ ಒಂದೊಂದು ಮಿಕ್ಸಿ, ಅರ್ಧ ಕೇಜಿ ಮೈಸೂರು ಪಾಕು ಹಂಚಿ, "ಮೇಡಂ, ಏನೂ ಬದಲಾಗಲ್ಲ. ನಿಮ್ಮ ಹೆಸರನ್ನೇ ನಂಬಿ ನಾವು ಬಂದಿರೋದು" ಅಂದ. ಹೆಸರು ಬದಲಾಗಲಿಲ್ಲ, ಅದು ನಿಜ.

ಫಿಲೋಮಿನಾ ಬಾಯಿಯನ್ನು ನಮ್ಮ ಕಾರ್ಖಾನೆಗೇ ಕಳಿಸಿದರು. ಒಂದೇ ಬೆಂಚು, ಎರಡು ತುದಿ. ಮೊದಲ ವಾರ ಮಾತಿಲ್ಲ. ಎರಡನೇ ವಾರ, "ನಿನ್ನ ಕಡೆ ಫ್ಯಾನ್ ಗಾಳಿ ಬರುತ್ತೆ, ಸ್ವಲ್ಪ ಜರುಗು" ಅಂದರು. ಜರುಗಿದೆ. ಅಲ್ಲಿಂದ ನಾವು ಗೆಳತಿಯರಾದೆವು. ನಮ್ಮ ಕಣ್ಣೆದುರಿಗೇ ಹಲಸಿನ ಮರ ಹೋಗಿ ಒತ್ತಿದ ಹಲಗೆ ಬಂತು, ಅದೂ ಹೋಗಿ ಮರದ ಚಿತ್ರ ಅಂಟಿಸಿದ ಪ್ಲಾಸ್ಟಿಕ್ ಬಂತು. ಒಂಬತ್ತು ದಿನ ಇದ್ದದ್ದು ಮೂರಾಯಿತು, ಒಂದಾಯಿತು, ಆಮೇಲೆ ಒಂದು ಹಾಳೆಯಾಯಿತು. ದನಿ ದಪ್ಪವೇ ಸಣ್ಣದೇ, ಟಿಕ್ ಹಾಕಿ. ಒಂದು ಮಧ್ಯಾಹ್ನ ಇಬ್ಬರೂ ಒಂದೊಂದು ಪೆಟ್ಟಿಗೆ ಹಿಡಿದು ಕೇಳುತ್ತಿದ್ದೆವು. ಬಾಯಿ ನನ್ನ ಮುಖ ನೋಡಿದರು. ಮೆಲ್ಲಗೆ ತಮ್ಮ ಕೈಯಲ್ಲಿದ್ದದ್ದನ್ನು ತಿರುಗಿಸಿ ಹೆಸರು ಓದಿದರು. "ಗುರುಪಾದಪ್ಪ" ಅಂತಿತ್ತು. "ನಾನು ನಮ್ಮದು ಅಂತ ತಿಳ್ಕೊಂಡೆ" ಅಂದರು. ಅವತ್ತು ಇಬ್ಬರೂ ಬುತ್ತಿ ಬಿಚ್ಚಲಿಲ್ಲ. ಆರು ತಿಂಗಳಿಗೆ ಎರಡೂ ಹೆಸರು ಬಸ್‌ಸ್ಟ್ಯಾಂಡಿನಲ್ಲಿ ಬಾಚಣಿಗೆಯ ಪಕ್ಕ ನೇತುಹಾಕಿದ ಇಯರ್‌ಫೋನಿನ ಮೇಲೂ ಬಂದವು.

ಕೊನೆಗೆ ಮಿಥುನ್ ನಲವತ್ತು ದನಿಗಳನ್ನು ತಂದು ನಮ್ಮ ಮುಂದಿಟ್ಟ. "ಮೇಡಂ, ನಿಮ್ಮಿಬ್ಬರ ಕಿವಿ ಬಿಟ್ಟರೆ ಇಲ್ಲ. ಗಂಡಸರಿಗೆ ಒಂದು, ಹೆಂಗಸರಿಗೆ ಒಂದು ಆರಿಸಿಕೊಡಿ. ಕೇಳಿದವರು ಯಾರೂ ಬೇಡ ಅನ್ನಬಾರದು." ನಾವು ಆರಿಸಿದೆವು. ಹೌದು, ನಾವೇ. ಕೆಲಸ ಅಂದಮೇಲೆ ಚೆನ್ನಾಗಿಯೇ ಮಾಡಿದೆವು. ಸಣ್ಣ ಕಾರ್ಯಕ್ರಮ ಮಾಡಿ ನಮ್ಮಿಬ್ಬರಿಗೂ ಶಾಲು ಹೊದಿಸಿದರು. ಮಾರನೆಯ ತಿಂಗಳು ಕೇಳುವ ಕೋಣೆಯಲ್ಲಿ ರಟ್ಟಿನ ಡಬ್ಬ ಜೋಡಿಸಿದರು, ಕಾಳಾಚಾರ್ ಅವರನ್ನು ಬಿಡಿಸಿದರು, ನಮ್ಮಿಬ್ಬರನ್ನು ಪ್ಯಾಕಿಂಗಿಗೆ ಹಾಕಿದರು.

ಕೆಟ್ಟದ್ದೇ ಆಯಿತು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ರಂಗವ್ವನಿಗೆ ಪೆಟ್ಟಿಗೆ ಸಿಕ್ಕಿತು. ಅವತ್ತು ಅವಳು "ಮಲ್ಲಿಗೇ, ಮಲ್ಲಿಗೇ" ಅಂತ ಹೂವೆಲ್ಲ ಮುಗಿದ ಮೇಲೂ ಖಾಲಿ ಬುಟ್ಟಿ ಇಟ್ಟುಕೊಂಡು ಕೂಗುತ್ತಿದ್ದಳು. ನಾನು ಅಲ್ಲೇ ನಿಂತು ಅತ್ತೆ. ಆದರೆ ವರ್ಷ ಕಳೆಯುವುದರೊಳಗೆ ಇದ್ದವರ ದನಿಯೂ ಹೋಯಿತು. ಹಳೆಯ ಪೆಟ್ಟಿಗೆಗೆ ಎರಡು ವರ್ಷಕ್ಕೊಮ್ಮೆ ಬಟ್ಟೆ ಬದಲಾಯಿಸಬೇಕು, ಆ ಬಟ್ಟೆ ಬರುವುದು ನಿಂತಿತು. ಹಳೆಯದು ಕೊಡಿ, ಹೊಸದು ಒಯ್ಯಿರಿ ಅಂದರು. ಒಬ್ಬೊಬ್ಬರಾಗಿ ಎಲ್ಲರೂ ಒಯ್ದರು. ಒಬ್ಬ ಅಜ್ಜ ಬೀದಿಯಲ್ಲಿ "ಊಟಕ್ಕೆ ಬಾರೋ" ಅಂದರೆ ಮೂರು ಮನೆಯ ಮೊಮ್ಮಕ್ಕಳು ಹೊರಗೆ ಬರುತ್ತಿದ್ದರು. ಜನ ಹೇಗೋ ಹೊಂದಿಕೊಂಡರು. ಮಾತು ಶುರು ಮಾಡುವ ಮುಂಚೆ ಕೆಲವರು ಹೆಸರು ಹೇಳಿಕೊಂಡರು, ಕೆಲವರು ಕೆಮ್ಮಿದರು, ಏಕೆಂದರೆ ಕೆಮ್ಮು ಅವರವರದೇ. ಬತ್ತದ ಮಂಡಿಯವರು ಎರಡು ಸಲ ಚಪ್ಪಾಳೆ ತಟ್ಟಿ ಆಮೇಲೆ ಮಾತಾಡುತ್ತಿದ್ದರು. ಗಂಡ ಸತ್ತು ಹದಿನೈದು ದಿನವಾಗಿದ್ದ ಒಬ್ಬಾಕೆ ಮಾರ್ಕೆಟ್ಟಿನಲ್ಲಿ ನಿಂತಿದ್ದಳು. ಹಿಂದಿನಿಂದ ಗಂಡ "ಕೊತ್ತಂಬರಿ ಹೇಗೆ ಕೊಟ್ಟೆ?" ಅಂತ ಕೇಳಿದ. ಅವಳು ತಿರುಗಲಿಲ್ಲ. ಅವನು ಕೊಂಡು ಹೋಗುವವರೆಗೂ ಹಾಗೇ ನಿಂತಿದ್ದಳು.

ನಮ್ಮ ಯಜಮಾನರಿಗೆ ಆಗ ಐವತ್ತೊಂಬತ್ತು. ಬಾಯಿ ಎರಡು ಸಲ ಕೇಳಿದರು. "ಈಗ ಯಾವ ಗುರುಪಾದಪ್ಪ, ಯಾವ ಮಸ್ಕರೇನಸ್? ಭಾನುವಾರ ಬಂದು ನಿಮ್ಮ ಮನೆಯಲ್ಲೇ ಕೂತು ಕೇಳ್ತೀನಿ." ಹಬ್ಬ ಕಳೆಯಲಿ ಅಂದೆ. ಒಳಗೊಳಗೆ ಇನ್ನೂ ಆ ಬಿಂಕ ಹೋಗಿರಲಿಲ್ಲ. ನನ್ನ ಗಂಡನ ದನಿಗೆ ಹೊರಗಿನವರ ಕಿವಿ ಯಾಕೆ? ಹಬ್ಬ ಕಳೆಯುವುದರೊಳಗೆ ಬಾಯಿಯದೇ ದನಿ ಹೋಯಿತು. ಅವರು ರಜೆ ಹಾಕಿ ಮನೆಯಲ್ಲಿ ಕೂತರು, ಆ ಮಾತು ಅಲ್ಲಿಗೇ ನಿಂತಿತು.

ನಮ್ಮವರದು ಹೋದದ್ದು ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ. ನಾನು ಒಗ್ಗರಣೆ ಹಾಕುತ್ತಿದ್ದೆ. ಮಿಷನ್ನು ನಿಂತಿತು. "ದಾಕ್ಷಾಯಣಿ, ಆ ನೀಲಿ" ಅಂದರು. ಆಮೇಲೆ ಏನೂ ಇಲ್ಲ. "ನೀಲಿ ಏನು?" ಅಂದೆ. ಉತ್ತರವಿಲ್ಲ. "ಅರ್ಧ ಹೇಳಿ ನಿಲ್ಲಿಸಿದ್ರೆ ನನಗೇನು ಕನಸು ಬೀಳುತ್ತಾ?" ಅಂತ ರೇಗಿದೆ. ಸೌಟು ಹಿಡಿದೇ ಹೊರಗೆ ಬಂದು ನೋಡಿದರೆ ಅವರು ಕರಿ ಬಟ್ಟೆಯ ತುಂಡೊಂದನ್ನು ಮೇಜಿನ ಮೇಲೆ ಹರವಿ ಅಳತೆ ಹಾಕುವ ಸುಣ್ಣದ ಬಿಲ್ಲೆಯಲ್ಲಿ ಬರೆಯುತ್ತಿದ್ದರು. "ಹೋಯಿತು." ನಾನು ನೋಡುತ್ತ ನಿಂತಿದ್ದಕ್ಕೆ ಅದರ ಕೆಳಗೆ ಇನ್ನೊಂದು ಸಾಲು ಬರೆದರು. "ಒಗ್ಗರಣೆ ಸೀಯುತ್ತಿದೆ."

ನಾನು ಅಳಲಿಲ್ಲ. ಧೈರ್ಯ ಇತ್ತು. "ಕಂಪನಿಯ ಪೆಟ್ಟಿಗೆ ನಮ್ಮ ಮನೆಯೊಳಗೆ ಬರಬಾರದು. ನಾನೇ ಹೇಳಿ ಮಾಡಿಸ್ತೀನಿ" ಅಂದೆ. ಮಧ್ಯಾಹ್ನವೇ ಕಾಳಾಚಾರ್ ಮನೆಗೆ ಹೋದೆ. ಅವರು ಹಿತ್ತಲ ಶೆಡ್ಡಿನಲ್ಲಿ ಚಪಾತಿ ಮಣೆ ಮಾಡುತ್ತಿದ್ದರು. ವಿಷಯ ಹೇಳಿದೆ. ಅವರು ಅಟ್ಟದಿಂದ ಒಂದು ಹಲಸಿನ ತುಂಡು, ಕಾಗದದಲ್ಲಿ ಸುತ್ತಿಟ್ಟ ಒಂದು ಚೂರು ಬಟ್ಟೆ ಇಳಿಸಿದರು.

"ನನಗೆ ಅಂತ ಇಟ್ಕೊಂಡಿದ್ದೆ ಅಕ್ಕ. ಇರಲಿ. ನಾನು ಮಾತಾಡಿದ್ರೆ ನನ್ನ ಹೆಂಡತಿಯೇ ಕೇಳೋದಿಲ್ಲ." ಉಳಿ ಹಿಡಿದು ಕೂತರು. "ಹೇಳಿ. ದಪ್ಪದಿಂದ ಶುರು ಮಾಡಲೋ, ತೆಳುವಿಂದಲೋ?"

ನಾನು ಹೇಳಲು ಬಾಯಿ ತೆರೆದೆ. ನೆನಪಿಗೆ ಬಂದದ್ದು ಮಿಷನ್ನಿನ ಸದ್ದು. ಆಮೇಲೆ ಆ ಸದ್ದು ನಿಲ್ಲುವುದು. ನಿಂತ ಮೇಲೆ "ಬಾಬಿನ್ ಎಲ್ಲಿಟ್ಟೆ?" "ಕರೆಂಟು ಹೋಯ್ತಾ?" "ಉಪ್ಪು ಕಡಿಮೆ." ಮಾತು ಎಲ್ಲಾ ಇತ್ತು, ಒಂದೂ ಬಿಡದೆ ಇತ್ತು. ದನಿ ಇರಲಿಲ್ಲ. ಕಾಗದದಲ್ಲಿ ಬರೆದಿಟ್ಟ ಹಾಗೆ ಮಾತುಗಳು. ಮೂವತ್ತು ವರ್ಷದ ಹಿಂದಿನ ಪೋಸ್ಟ್ ಮಾಸ್ಟರ ಮೂಗು ನೆನಪಿದೆ, ವಕೀಲರು ಎಮ್ಮೆಯ ಬಗ್ಗೆ ಮಾತಾಡಿದ್ದು ನೆನಪಿದೆ. ಒಂದೇ ಸೂರಿನ ಕೆಳಗೆ ಮೂವತ್ತನಾಲ್ಕು ವರ್ಷ ಇದ್ದವರದು ದಪ್ಪವೋ ತೆಳುವೋ ಅಂತ ಕೇಳಿದರೆ ಹೇಳಲು ಬರಲಿಲ್ಲ.

"ಅಕ್ಕ?" ಅಂದರು ಕಾಳಾಚಾರ್.

"ನಾಳೆ ಬರ್ತೀನಿ ಆಚಾರ್ರೆ" ಅಂದು ಎದ್ದೆ.

ಮೂರು ದಿನ ಊರೆಲ್ಲ ತಿರುಗಿದೆ. ನಮ್ಮವರ ಜೊತೆ ದಿನಾ ಟೀ ಕುಡಿಯುತ್ತಿದ್ದ ಹೋಟೆಲಿನ ಈರಣ್ಣನವರನ್ನು ಕೇಳಿದೆ. "ಶಂಭಣ್ಣನ ದನಿ ಗೊತ್ತಿಲ್ವಾ ನನಗೆ? ಬಂದು ಕೂತು, 'ಈರಣ್ಣಾ, ಸ್ಟ್ರಾಂಗು' ಅಂತಿದ್ದ. ಹೀಗೇ, ಕೇಳು, 'ಈರಣ್ಣಾ, ಸ್ಟ್ರಾಂಗು!'" ಈರಣ್ಣನವರ ಮುಖ, ಕೈ, ಹುಬ್ಬು ಎಲ್ಲವೂ ನಮ್ಮ ಯಜಮಾನರದೇ ಆಗಿತ್ತು. ಎದೆಯ ಮೇಲಿನ ಪೆಟ್ಟಿಗೆಯಿಂದ ಬಂದದ್ದು ನಾನೇ ಆರಿಸಿಕೊಟ್ಟ ದನಿ. ಅವರಿಗೂ ಅದು ಗೊತ್ತಾಯಿತು. "ಇದರಲ್ಲಿ ಬರೋದಿಲ್ಲವ್ವ" ಅಂದು ಲೋಟ ತೊಳೆಯಲು ಹೋದರು. ವಯಸ್ಸಾದವರ ಕಥೆಯೆಲ್ಲ ಇಷ್ಟೇ ಆಯಿತು. ಇನ್ನೂ ದನಿ ಇರುವ ಚಿಕ್ಕವರನ್ನು ಕೇಳಿದರೆ, "ಟೈಲರ್ ತಾತ ಒಳ್ಳೆಯವರು, ಬೈಯ್ತಿರಲಿಲ್ಲ" ಅಂದರು.

ಕೊನೆಗೆ ಫಿಲೋಮಿನಾ ಬಾಯಿಯ ಮನೆಗೆ ಹೋದೆ. ಅವರ ಮಸ್ಕರೇನಸ್ ಪೆಟ್ಟಿಗೆ ಬಟ್ಟೆ ಹರಿದು ಶೋಕೇಸಿನಲ್ಲಿ ಕೂತಿತ್ತು, ಕೊರಳಲ್ಲಿ ಕಂಪನಿಯದು. ನನ್ನನ್ನು ನೋಡಿದ ಕೂಡಲೇ, "ಬಾ. ಹೇಗಿದೆ ದನಿ? ನಾವೇ ಆರಿಸಿದ್ದಲ್ವಾ, ಬೇಡ ಅನ್ನೋ ಹಾಗಿಲ್ಲ" ಅಂದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡರು.

"ಮಾತಿನ ಕೊನೆಯ ಪದಕ್ಕೆ ಮುಂಚೆ ಒಂದು ಉಸಿರು ತಗೊಳ್ತಾರೆ" ಅಂದರು. "ಎಡಗಡೆ ತುಟಿಯಿಂದ ಮಾತು ಬರುತ್ತೆ, ದಾರ ಕಚ್ಚಿ ಅಭ್ಯಾಸ. ಹಾಗಾಗಿ 'ಸ' ಸ್ವಲ್ಪ ಸೋರುತ್ತೆ. ದನಿ ದಪ್ಪ ಅಲ್ಲ, ಆದರೆ ಕೆಳಗೆ ಒರಟಿದೆ, ತೊಳೆಯದ ಹೊಸ ಖಾದಿ ಥರ."

"ನೀವು ಯಾವಾಗ ಕೇಳಿದ್ರಿ ಬಾಯಿ?"

"ಮಗಳ ಮದುವೆಗೆ ಬ್ಲೌಸು ಹೊಲಿಸಿದ್ದೆ. ಅಳತೆ ಕೊಡೋಕೆ ಒಂದು ಸಲ, ಹಾಕಿ ನೋಡೋಕೆ ಒಂದು ಸಲ. ಎಲ್ಲಾ ಸೇರಿ ಕಾಲು ಗಂಟೆ ಇರಬಹುದು."

ನನ್ನ ಗಂಡನ ವಿಷಯ ಇನ್ನೊಬ್ಬ ಹೆಂಗಸು ಹೇಳುವುದನ್ನು ಕೇಳುತ್ತ ಕೂತಿದ್ದೆ. ಹೊಟ್ಟೆಕಿಚ್ಚಾಯಿತೋ ನಾಚಿಕೆಯಾಯಿತೋ ಹೇಳಲಾರೆ. ಬೇಗ ಬೇಗ ಬರೆದುಕೊಂಡೆ. ಕಾಲು ಗಂಟೆ ಕೇಳಿದವರು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

ಹನ್ನೊಂದು ದಿನ ಮೂವರೂ ಕಾಳಾಚಾರ್ ಶೆಡ್ಡಿನಲ್ಲಿ ಕೂತೆವು. ಬಾಯಿ ಹೇಳುವುದು, ಆಚಾರ್ ಕೆತ್ತುವುದು, ನಾನು ತಟ್ಟಿ ಕಿವಿಗೆ ಹಿಡಿದು ನೋಡುವುದು. ಮಾತು ಕೇಳುವುದು ನಮ್ಮವರು ಹಾಕಿಕೊಂಡ ಮೇಲೇ. "ಜಾಸ್ತಿ ತೆಗೆದ್ರಿ ಆಚಾರ್ರೆ, ಅವರೇನು ಭಾಗವತರಾ?" ಅಂತ ಬಾಯಿ. "ಕೆಳಗಿನ ಪೇಟೆಯವರಿಗೆ ಮರದ ವಿಷಯ ಏನು ಗೊತ್ತು, ಸುಮ್ನಿರಿ" ಅಂತ ಆಚಾರ್. ಹಳೆಯ ದಿನಗಳು ಬಂದ ಹಾಗಿತ್ತು. ನಾನಂತೂ ಖುಷಿಯಾಗಿದ್ದೆ. ಮನೆಗೆ ಹೋಗಿ ನಮ್ಮವರಿಗೆ ದಿನಾ ವರದಿ ಒಪ್ಪಿಸುತ್ತಿದ್ದೆ. ಅವರು ಕರಿ ಬಟ್ಟೆಯ ಮೇಲೆ "ಸಿನಿಮಾ ಹೀರೋ ಥರ ಮಾಡಿಸು" ಅಂತ ಬರೆದರು.

ಹನ್ನೆರಡನೇ ದಿನ ಮಧ್ಯಾಹ್ನ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದರು. ಆಚಾರ್ ಎದ್ದು ನಿಂತು ಪೆಟ್ಟಿಗೆಯನ್ನು ಅವರ ಕೊರಳಿಗೆ ಹಾಕಿದರು. ಅವರು ನನ್ನ ಕಡೆ ತಿರುಗಿ ತುಟಿ ಅಲ್ಲಾಡಿಸಿದರು.

"ಸರಿ ಇದೆಯಾ?"

ಕೊನೆಯ ಪದಕ್ಕೆ ಮುಂಚೆ ಉಸಿರು ಇತ್ತು. "ಸ" ಸೋರಿತು. ಕೆಳಗೆ ಆ ಒರಟು ಇತ್ತು. ಅವರದೇ, ಎಲ್ಲಿಯೂ ತಪ್ಪಿಲ್ಲ. ಅಡುಗೆಮನೆಯಲ್ಲಿ ನಿಂತು ನಾನು ಎಷ್ಟೋ ಸಾವಿರ ಸಲ ಕೇಳಿದ್ದ ದನಿ. ಮುಂದಿನ ಕೋಣೆಯಲ್ಲಿ ಬ್ಲೌಸು ಹಾಕಿ ನೋಡಲು ಬಂದ ಹೆಂಗಸರನ್ನು, ಟೇಪನ್ನು ಕೊರಳಿಗೆ ಹಾಕಿಕೊಂಡು, ಎರಡು ಹೆಜ್ಜೆ ದೂರದಲ್ಲಿ ನಿಂತು, ಅವರು ಕೇಳುತ್ತಿದ್ದ ದನಿ. "ಸರಿ ಇದೆಯಾ ಅಮ್ಮಾ? ಕಂಕುಳಲ್ಲಿ ಬಿಗಿ ಇಲ್ಲ ತಾನೇ?"

ಬಾಯಿ ಕಾಲು ಗಂಟೆ ಕೇಳಿದ್ದು ಆ ದನಿಯನ್ನು. ಅವರಿಗೆ ತಾನೇ ಬೇರೆ ಏನು ಕೇಳಲು ಸಾಧ್ಯವಿತ್ತು? ಬಾಯಿ ನನ್ನ ಮುಖ ನೋಡಿದರು, ಒಂದು ಕ್ಷಣ, ಆಮೇಲೆ ತಮ್ಮ ಮಡಿಲಲ್ಲಿದ್ದ ಕೈ ನೋಡಿಕೊಂಡರು. ಅವರಿಗೂ ಗೊತ್ತಾಯಿತು. ಮರದ ಚೂರು ಇನ್ನೊಂದಿರಲಿಲ್ಲ. ಇದ್ದಿದ್ದರೂ ಏನಂತ ಹೇಳಿ ಕೆತ್ತಿಸುವುದು?

"ದಾಕ್ಷಾಯಣಿ, ಹೇಳು. ನನಗೆ ಗೊತ್ತಾಗೋದಿಲ್ಲ. ನನ್ನದೇನಾ?"

"ನಿಮ್ಮದೇ" ಅಂದೆ. ಸುಳ್ಳೇನೂ ಅಲ್ಲ.

ಅವರು ಆಚಾರ್‌ಗೆ ಕೈ ಮುಗಿದರು, ಬಾಯಿಗೆ ಮುಗಿದರು. ದಾರಿಯುದ್ದಕ್ಕೂ ಮಾತಾಡಿದರು. ಹದಿನಾರು ದಿನ ಕಟ್ಟಿಟ್ಟ ಮಾತು. ಪಕ್ಕದ ಮನೆಯವರ ಪ್ಯಾಂಟಿನ ವಿಷಯ, ಮಿಷನ್ನಿನ ಬೆಲ್ಟಿನ ವಿಷಯ. ಪ್ರತಿಯೊಂದು ಮಾತೂ ನಯವಾಗಿ, ಎರಡು ಹೆಜ್ಜೆ ದೂರದಿಂದ ಬರುತ್ತಿತ್ತು. ಮನೆಗೆ ಬಂದು ಜಗಲಿಯ ಮೇಲೆ ಕೂತೆವು. ಕೆಲಸದ ಅಭ್ಯಾಸಕ್ಕೆ ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದ ಕೂಡಲೇ ನಾನು ಅಳತೆ ಕೊಡಲು ಬಂದವಳಾದೆ. ತೆರೆದೆ. ಅವರು ನನ್ನನ್ನೇ ನೋಡುತ್ತಿದ್ದರು.

"ಏನೋ ತಪ್ಪಿದೆ ಅಲ್ವಾ? ನಿನ್ನ ಮುಖ ನನಗೆ ಗೊತ್ತು."

"ಏನೂ ಇಲ್ರೀ. ಒಂದು ಕೆಲಸ ಮಾಡಿ. ನನ್ನನ್ನು ಬೈಯ್ರಿ."

"ಯಾಕೆ? ಏನು ಮಾಡಿದೆ?"

"ಏನೋ ಮಾಡಿದೀನಿ. ಬೈಯ್ರಿ. ಉಪ್ಪು ಮರೆತಾಗ ಬೈಯ್ತಿದ್ರಲ್ಲ, ಕತ್ತರಿಯಲ್ಲಿ ಸೊಪ್ಪು ಕತ್ತರಿಸಿದಾಗ ಬೈದಿದ್ರಲ್ಲ, ಹಾಗೆ."

ಅವರು ಸ್ವಲ್ಪ ಯೋಚಿಸಿದರು. "ಕತ್ತೆ" ಅಂದರು. ಗಿರಾಕಿಗೆ ನಾಳೆ ಬನ್ನಿ ಅಂದ ಹಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಗಾಬರಿಯಾದರು. "ಸಾಕಾ?"

"ಇನ್ನೊಂದು" ಅಂದೆ. "ಜೋರಾಗಿ."

"ಮೊಂಡು ಬುದ್ಧಿಯವಳೇ. ಬುದ್ಧಿಗೇಡಿ." ಮುಖದಲ್ಲಿ ಸಿಟ್ಟು ತಂದುಕೊಳ್ಳಲು ಹೆಣಗಾಡುತ್ತಿದ್ದರು. ಯಾವುದಾದರೂ ಒಂದು ಮಾತಿನಲ್ಲಿ, ಒಂದು ಅಕ್ಷರದಲ್ಲಿ, ಒಳಗಿನದು ಸಿಡಿದು ಬಂದೀತೇನೋ ಅಂತ ನಾನು ಮುಂದಕ್ಕೆ ಬಾಗಿ ಪೆಟ್ಟಿಗೆಗೆ ಕಿವಿ ಕೊಟ್ಟೆ. ಅವರಿಗೆ ಏನು ಅರ್ಥವಾಯಿತೋ, ಮತ್ತೆ ಏನೂ ಕೇಳಲಿಲ್ಲ. ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದಿಟ್ಟುಕೊಂಡು, ಗೊತ್ತಿದ್ದ ಬೈಗುಳವನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡು, ಬಹಳ ಮರ್ಯಾದೆಯಿಂದ ನನ್ನನ್ನು ಬೈಯುತ್ತ ಹೋದರು.